ಟೊಕಾಮಾಕ್ ಗೋಡೆಯಲ್ಲಿ ಸಿಕ್ಕಿಕೊಂಡ ಟ್ರಿಟಿಯಂ: ಲೇಸರ್ ಹೊಡೆದು ಪತ್ತೆ ಮಾಡುವುದು ಹೇಗೆ?

ಟೊಕಾಮಾಕ್ ಅಂದರೆ ಹಗುರ ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯುವ ಫ್ಯೂಷನ್ ಯಂತ್ರ. ಅದು ಓಡಿದಷ್ಟೂ ಇಂಧನವಾದ ಡ್ಯೂಟೀರಿಯಂ, ಟ್ರಿಟಿಯಂ (ಎರಡೂ ಹೈಡ್ರೋಜನ್ನಿನ ಭಾರವಾದ ರೂಪಗಳು) ಒಳಗೋಡೆಗೆ ಸೇರಿಕೊಳ್ಳುತ್ತಾ ಹೋಗುತ್ತವೆ. ಅದರಲ್ಲಿ ಟ್ರಿಟಿಯಂ ವಿಕಿರಣ ಸೂಸುವ ವಸ್ತು, ಹಾಗಾಗಿ ಎಲ್ಲಿ ಎಷ್ಟಿದೆ ಅನ್ನುವ ಲೆಕ್ಕ ಬೇಕೇ ಬೇಕು. ಗೋಡೆಯ ಟೈಲ್ ಬಿಚ್ಚಿ ಲ್ಯಾಬಿಗೆ ತರುವುದು ದೊಡ್ಡ ಕೆಲಸ. ಲಿಬ್ಸ್ (LIBS), ಅಂದರೆ ಲೇಸರ್ ಹೊಡೆದಾಗ ಹೊಮ್ಮುವ ಬೆಳಕಿನಿಂದ ವಸ್ತು ಗುರುತಿಸುವ ವಿಧಾನದಲ್ಲಿ ಗೋಡೆ ಇದ್ದಲ್ಲೇ ಪರೀಕ್ಷೆ ಮಾಡಬಹುದು. ಬ್ರಿಟನ್ನಿನ ಜೆಟ್ (JET) ಎಂಬ ಟೊಕಾಮಾಕಿನಲ್ಲಿ 2024ರಲ್ಲಿ ರೋಬೋಟ್ ತೋಳಿಗೆ ಉಪಕರಣ ಕಟ್ಟಿ ಹೀಗೇ ಅಳೆದರು.

ಸಾಮಾನ್ಯವಾಗಿ 1064 ನ್ಯಾನೋಮೀಟರ್ ಲೇಸರ್ ಬಳಸುತ್ತಾರೆ. ಕೆಲವೇ ನ್ಯಾನೋಸೆಕೆಂಡಿನ ಒಂದು ಪಲ್ಸ್ ಬಿದ್ದರೆ ಮೇಲ್ಪದರ ಚೂರು ಆವಿಯಾಗಿ ಪುಟ್ಟ ಪ್ಲಾಸ್ಮಾ (ವಿದ್ಯುದಾವೇಶದ ಬಿಸಿ ಅನಿಲ) ಆಗುತ್ತದೆ, ಅದರ ಬೆಳಕನ್ನು ಫೈಬರ್ ಮೂಲಕ, ಬೆಳಕನ್ನು ತರಂಗಾಂತರವಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಮೀಟರಿಗೆ ಕಳಿಸಬೇಕು. ಈ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಜಾಸ್ತಿ ಅಪಾಯ. ಆ ತರಂಗಾಂತರಕ್ಕೆಂದೇ ಮಾಡಿದ ಕನ್ನಡಕ ಇಲ್ಲದೆ ಹತ್ತಿರ ಹೋಗಬೇಡಿ.

ನಿಜವಾದ ಕಷ್ಟ ಇರೋದು ರೇಖೆಗಳನ್ನು, ಅಂದರೆ ಪ್ರತಿ ಪರಮಾಣು ತನ್ನದೇ ತರಂಗಾಂತರದಲ್ಲಿ ಸೂಸುವ ಬೆಳಕನ್ನು, ಬೇರ್ಪಡಿಸುವುದರಲ್ಲಿ. ಹೈಡ್ರೋಜನ್ 656.28, ಡ್ಯೂಟೀರಿಯಂ 656.10, ಟ್ರಿಟಿಯಂ 656.04 ನ್ಯಾನೋಮೀಟರ್. ಕೊನೆಯ ಎರಡರ ನಡುವೆ ಬರೀ 0.06 ಅಂತರ! ಮಾಮೂಲಿ ಗಾಳಿಯ ಒತ್ತಡದಲ್ಲಿ ಪ್ಲಾಸ್ಮಾ ದಟ್ಟವಾಗಿದ್ದು ರೇಖೆಗಳು ಅಗಲವಾಗುತ್ತವೆ, ಮೂರೂ ಕೂಡಿ ಒಂದೇ ಗುಡ್ಡದ ಹಾಗೆ ಕಾಣುತ್ತವೆ. ಒತ್ತಡ ಇಳಿಸಿದರೆ ರೇಖೆ ಸಣ್ಣಗಾಗುತ್ತದೆ, ಆದರೆ ಪೂರ್ತಿ ನಿರ್ವಾತದಲ್ಲಿ ಪ್ಲಾಸ್ಮಾ ಬೇಗ ಚದುರಿ ಬೆಳಕೇ ಕಡಿಮೆಯಾಗುತ್ತದೆ. ಹಾಗಾಗಿ ಸಾಧ್ಯವಿದ್ದರೆ ಸ್ವಲ್ಪವೇ ಆರ್ಗಾನ್ ಅನಿಲ ಬಿಟ್ಟು ನೋಡಿ. ಪಲ್ಸ್ ಬಿದ್ದ ಕೂಡಲೇ ಬರುವ ಬೆಳಕಿನಲ್ಲಿ ರೇಖೆಗಳು ಮುಳುಗಿಹೋಗಿರುತ್ತವೆ, ಅದು ತಗ್ಗುವವರೆಗೆ ಕಾದು ಆಮೇಲೆ ಸ್ಪೆಕ್ಟ್ರೋಮೀಟರಿನ ಕ್ಯಾಮೆರಾ ತೆರೆಯಬೇಕು. ಎಷ್ಟು ಕಾಯಬೇಕು ಅನ್ನುವುದು ಒತ್ತಡಕ್ಕೆ, ಗೋಡೆಯ ವಸ್ತುವಿಗೆ ತಕ್ಕಂತೆ ಬದಲಾಗುತ್ತದೆ.

ಈ ಹೊಂದಾಣಿಕೆಯನ್ನೆಲ್ಲ ಅದೇ ವಸ್ತುವಿನ ಬೇರೆ ತುಂಡಿನ ಮೇಲೆ ಮುಗಿಸಿಕೊಳ್ಳಿ, ಅಸಲಿ ಟೈಲ್ ಮೇಲೆ ಸುಮ್ನೆ ಹೊಡೆಯಬೇಡಿ. ಇಂಧನ ಹೆಚ್ಚಾಗಿ ಮೇಲ್ಪದರದಲ್ಲೇ ಇರುತ್ತದೆ. ಮೊದಲ ಪಲ್ಸ್‌ಗಳು ಹಾಳಾದರೆ ಆ ಜಾಗದ ಮಾಹಿತಿ ಹೋಯಿತು, ಮತ್ತೆ ಸಿಗುವುದಿಲ್ಲ ಅಲ್ವಾ? ಒಂದೇ ಜಾಗಕ್ಕೆ ಪಲ್ಸ್ ಮೇಲೆ ಪಲ್ಸ್ ಹೊಡೆದು, ಪ್ರತಿಯೊಂದರ ಸ್ಪೆಕ್ಟ್ರಮ್ ಬೇರೆ ಬೇರೆ ಉಳಿಸಿಕೊಳ್ಳಿ. ಸರಾಸರಿ ಮಾಡಿಬಿಟ್ಟರೆ ಆಳಕ್ಕೆ ಹೋದಂತೆ ಏನು ಬದಲಾಯಿತು ಅನ್ನುವುದೇ ಅಳಿಸಿಹೋಗುತ್ತದೆ. ಟೈಲ್ ಗಾಳಿಗೆ ತೆರೆದುಕೊಂಡಿದ್ದರೆ ನೀರಿನ ತೇವದಿಂದಲೂ ಹೈಡ್ರೋಜನ್ ರೇಖೆ ಬರುತ್ತದೆ, ಅದನ್ನು ಇಂಧನ ಅಂದುಕೊಳ್ಳಬೇಡಿ.

ರೇಖೆ ಎತ್ತರ ನೋಡಿ ನೇರ ಪ್ರಮಾಣ ಹೇಳುವುದು ತಪ್ಪು. ಹಗುರ ಹೈಡ್ರೋಜನ್ ಗೋಡೆಯ ಲೋಹವಾದ ಟಂಗ್‌ಸ್ಟನ್‌ಗಿಂತ ಬೇಗ ಹಾರಿಹೋಗುತ್ತದೆ, ಲೆಕ್ಕ ವಾಲುತ್ತದೆ. ಎಷ್ಟು ಡ್ಯೂಟೀರಿಯಂ ಇದೆ ಅಂತ ಮೊದಲೇ ಗೊತ್ತಿರುವ ಮಾದರಿ ಜೊತೆ ಹೋಲಿಸುವುದೇ ನನಗೆ ಹೆಚ್ಚು ನಂಬಿಕೆಯ ದಾರಿ. ಯಂತ್ರದ ಕಿಟಕಿ ಗಾಜಿನ ಮೇಲೂ ಪದರ ಕೂರುವುದರಿಂದ, ಆ ಮಾದರಿಯನ್ನು ಅದೇ ಗಾಜಿನ ಮೂಲಕ ಕೆಲಸದ ಮೊದಲೂ ಕೊನೆಗೂ ಅಳೆದು ಬೆಳಕು ಎಷ್ಟು ತಗ್ಗಿದೆ ನೋಡಿಕೊಳ್ಳಿ.