ಮುದ್ದೆ ಸ್ಪರ್ಧೆಗೆ ನಾನು ತಯಾರಾಗಿದ್ದು ಹೀಗೆ

ಮೊದಲ ಸಲ ಮುದ್ದೆ ಉಣ್ಣೋ ಸ್ಪರ್ಧೆಗೆ ಕೂತಾಗ ನನಗೆ 26 ವರ್ಷ. ಮಂಡ್ಯ ಕಡೆಯವನು, ಎರಡು ಹೊತ್ತೂ ಹಿಟ್ಟು ಉಂಡೇ ಬೆಳೆದವನು. ಇನ್ನೇನು ತಯಾರಿ ಬೇಕು ಅಂದುಕೊಂಡಿದ್ದೆ. ಹೊಟ್ಟೆಯಲ್ಲಿ ಜಾಗ ಇರಲಿ ಅಂತ ಬೆಳಗ್ಗೆಯಿಂದ ಉಪವಾಸ ಇದ್ದೆ. ಮೂರು ಮುದ್ದೆ ಇಳಿಯಿತು. ನಾಲ್ಕನೆಯದು ಮುರಿಯುವಾಗ ಗಂಟಲು ಕಟ್ಟಿತು, ಎದ್ದುಬಿಟ್ಟೆ. ಪಕ್ಕದಲ್ಲಿ ಕೂತಿದ್ದವರು ನನಗಿಂತ ಸಣಕಲು. ಅವರು ಎಂಟನೆಯದಕ್ಕೆ ಕೈ ಹಾಕಿದ್ದರು.

ತಪ್ಪು ಹೊಟ್ಟೆಯದಲ್ಲ, ಕೈಯದು ಅಂತ ತೋರಿಸಿದವರು ನನ್ನ ಸೋದರಮಾವ. "ತುತ್ತು ದಪ್ಪ ಮುರೀತೀಯ ಕಣ್ಲಾ, ಗಂಟಲು ಒಪ್ಪಲ್ಲ" ಅಂದರು. ಎದುರಿಗೆ ಕೂರಿಸಿಕೊಂಡು ಕಲಿಸಿದರು. ಮೊದಲು ಬೆರಳ ತುದಿ ಸಾರಿಗೆ ಅದ್ದಬೇಕು, ಆಗ ಹಿಟ್ಟು ಅಂಟಲ್ಲ. ಅಂಚಿನಿಂದ ಅಡಿಕೆ ಗಾತ್ರ ಮುರಿದು, ಹೆಬ್ಬೆರಳಲ್ಲಿ ಒಂದು ಸಲ ಒತ್ತಿ ನುಣುಪು ಮಾಡಬೇಕು. ಒತ್ತುವಾಗಲೇ ಒಳಗೆ ಗಂಟಿದ್ದರೆ ಗೊತ್ತಾಗುತ್ತೆ, ಅದನ್ನು ಹಿಸುಕಿಬಿಡಬೇಕು. ಆಮೇಲೆ ಸಾರಿನಲ್ಲಿ ಹೊರಳಿಸಿ ನುಂಗೋದು. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತೆ. ಒಂದು ತುತ್ತು ಪೂರ್ತಿ ಇಳಿಯೋವರೆಗೂ ಇನ್ನೊಂದು ಬಾಯಿಗೆ ಹೋಗಬಾರದು.

ಎರಡು ತಿಂಗಳು ರಾತ್ರಿ ಊಟದಲ್ಲಿ ಇಷ್ಟೇ ಅಭ್ಯಾಸ. ಮುದ್ದೆ ಜಾಸ್ತಿ ಮಾಡಲಿಲ್ಲ, ಉಣ್ಣೋ ಎರಡನ್ನೇ ಚೆನ್ನಾಗಿ ಉಣ್ಣೋದು ಕಲಿತೆ. ಒಂದು ಮುದ್ದೆಗೆ ಐದು ನಿಮಿಷ ಹಿಡಿಯುತ್ತಿದ್ದದ್ದು ಎರಡೂವರೆಗೆ ಬಂತು. ಬಿಸಿ ಮುದ್ದೆಯ ನಡುವೆ ಬೆಂಕಿ ಇರುತ್ತೆ, ನಾಲ್ಕು ಹೋಳು ಮಾಡಿ ಹಬೆ ಬಿಡಬೇಕು. ಪೂರ್ತಿ ಆರಿದರೆ ಬಿರುಸಾಗಿ ಜಾರೋದೇ ಇಲ್ಲ. ಸಾರು ಅದ್ದೋಕೆ ಮಾತ್ರ. ಕುಡಿದರೆ ಹೊಟ್ಟೆ ಅದರಲ್ಲೇ ತುಂಬುತ್ತೆ.

ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ 2001ರಲ್ಲಿ ಜಪಾನಿನ ಟಕೇರು ಕೊಬಯಾಶಿ ತಿನ್ನೋ ಸ್ಪರ್ಧೆಯಲ್ಲಿ 12 ನಿಮಿಷಕ್ಕೆ 50 ಹಾಟ್‌ಡಾಗ್ (ಮಾಂಸದ ಸಾಸೇಜ್ ಇಟ್ಟ ಬನ್ನು) ತಿಂದರು. ಹಿಂದಿನ ದಾಖಲೆಗೆ ಹೆಚ್ಚುಕಡಿಮೆ ಎರಡರಷ್ಟು! ಅವರು ಸಾಸೇಜ್ ಎರಡು ತುಂಡು ಮಾಡಿ, ಬನ್ನನ್ನು ನೀರಿಗೆ ಅದ್ದುತ್ತಿದ್ದರು. ಅದನ್ನು ಓದಿದಾಗ ನನಗೆ ಮಾವನ ಕೈಯೇ ಕಣ್ಣಿಗೆ ಕಟ್ಟಿತು.

ಹೊಸಬರಿಗೆ ಕೈಮುಗಿದು ಹೇಳ್ತೀನಿ, ಒಬ್ಬರೇ ಕೂತು ಅಭ್ಯಾಸ ಮಾಡಬೇಡಿ. ಗಂಟಲಿಗೆ ಸಿಕ್ಕಿಕೊಂಡರೆ ಕಾಪಾಡೋಕೆ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಹೊಟ್ಟೆ ಹಿಗ್ಗಲಿ ಅಂತ ಲೀಟರುಗಟ್ಟಲೆ ನೀರು ಕುಡಿಯೋದಂತೂ ಬೇಡವೇ ಬೇಡ. ರಕ್ತದಲ್ಲಿ ಸೋಡಿಯಂ ಇಳಿದು ಜೀವಕ್ಕೇ ಕುತ್ತು ಬರುತ್ತೆ. ಸಕ್ಕರೆ ಕಾಯಿಲೆ ಇರೋರು ಡಾಕ್ಟರನ್ನು ಕೇಳದೆ ಈ ಕಡೆ ಬರಬೇಡಿ.

ಮುಂದಿನ ವರ್ಷ ಉಪವಾಸ ಮಾಡಲಿಲ್ಲ. ಬೆಳಗ್ಗೆ ಎರಡು ಇಡ್ಲಿ ತಿಂದು ಹೋದೆ. ಏಳು ಮುದ್ದೆ ಮುಗಿಸಿದೆ, ಐದನೇ ಸ್ಥಾನ ಬಂತು. ಎಂಟನೆಯದು ಮುರಿಯುವ ಮುಂಚೆ ಸಾಕು ಅಂದಿದ್ದು ಹೊಟ್ಟೆ. ಗಂಟಲು ಇನ್ನೂ ಸಲೀಸಾಗಿತ್ತು.