ಚೀಲ ತುಂಬ ಡಬ್ಬಿಗಳು

ನಾನು ಕ್ಯಾನ್ಸರ್ ಡಾಕ್ಟ್ರು. ರೋಗಿಗಳು ಚಿಕಿತ್ಸೆಯ ಜೊತೆ ಬೇರೆ ಏನೇನು ಮಾಡುತ್ತಾರೆ, ಏನು ಒಳ್ಳೆಯದು, ಏನು ಕೆಟ್ಟದ್ದು ಎಂದು ನೋಡುವ ಈ ದಾರಿಗೆ ಬಂದಿದ್ದು ಒಂದು ಬೈಗುಳದಿಂದ. ಬೈದಿದ್ದು ನಾನೇ.

ಸ್ತನ ಕ್ಯಾನ್ಸರ್‌ಗೆ ಕೀಮೋ ಪಡೆಯುತ್ತಿದ್ದ ಒಬ್ಬರು ಮೆಲ್ಲಗೆ ಕೇಳಿದ್ದರು, "ಡಾಕ್ಟ್ರೇ, ಇದರ ಜೊತೆ ಗಿಡಮೂಲಿಕೆ ಏನಾದ್ರೂ ತಗೋಬಹುದಾ?" ಹೊರಗೆ ಉದ್ದದ ಸಾಲು. "ಸುಮ್ನೆ ದುಡ್ಡು ದಂಡ, ಅದೆಲ್ಲ ಬಿಡಿ" ಎಂದು ಗದರಿದೆ. ಅವರು ತಲೆಯಾಡಿಸಿದರು. ಮತ್ತೆ ಆ ಮಾತೆತ್ತಲಿಲ್ಲ.

ಕೀಮೋದ ಮೂರನೇ ಸುತ್ತಿನ ಹೊತ್ತಿಗೆ ರಕ್ತಪರೀಕ್ಷೆಯಲ್ಲಿ ಲಿವರ್ ಕೈಕೊಟ್ಟಿತ್ತು. ಕೀಮೋ ಮುಂದೂಡಿದೆ. ಡೋಸ್ ಇಳಿಸಿದೆ. ಕಾರಣ ಮಾತ್ರ ಸಿಗಲಿಲ್ಲ. ಕೊನೆಗೆ ಅವರ ಮಗಳು ಒಂದು ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಕಾಳುಮೆಣಸಿನ ಸತ್ವ ಸೇರಿಸಿದ ಕರ್ಕ್ಯುಮಿನ್, ಅಂದರೆ ಅರಿಶಿನದ ಸತ್ವದ ಕ್ಯಾಪ್ಸೂಲ್. ಮೆಣಸಿನ ಸತ್ವ ಇದ್ದರೆ ಕರ್ಕ್ಯುಮಿನ್ ಜಾಸ್ತಿ ರಕ್ತಕ್ಕೆ ಸೇರುತ್ತದೆ, ಕೆಲವರ ಲಿವರ್‌ಗೆ ಅದು ಆಗಿಬರುವುದಿಲ್ಲ. ನಿಲ್ಲಿಸಿದ ಮೇಲೆ ಎಲ್ಲ ಸರಿಹೋಯಿತು. "ನೀವು ಬೈತೀರಿ ಅಂತ ಅಮ್ಮ ಹೇಳಲಿಲ್ಲ" ಎಂದಳು ಹುಡುಗಿ. ನನಗೆ ನಾಚಿಕೆಯಾಯಿತು.

ಅವತ್ತಿನಿಂದ ಪ್ರಶ್ನೆ ಬದಲಿಸಿದೆ. "ಬೇರೆ ಏನಾದರೂ ತಗೊಳ್ತಿದ್ದೀರಾ?" ಅಂದರೆ "ಇಲ್ಲ" ಎನ್ನುತ್ತಾರೆ. "ತುಂಬಾ ಜನ ಜೊತೆಗೆ ಏನಾದರೂ ತಗೊಳ್ತಾರೆ, ನೀವೇನು ತಗೊಳ್ತಿದ್ದೀರಿ?" ಅಂದರೆ ಬಾಯಿ ಬಿಡುತ್ತಾರೆ. ಮನೆಯಲ್ಲಿರುವ ಡಬ್ಬಿಗಳನ್ನೆಲ್ಲ ಒಂದು ಚೀಲದಲ್ಲಿ ತರಲು ಹೇಳತೊಡಗಿದೆ.

ಚೀಲ ತೆರೆದರೆ ಓದಲೇಬೇಕಾಯಿತು, ಅಲ್ವಾ? ಮನಸ್ಸು ಹಗುರಾಗಲಿ ಎಂದು ಜನ ನುಂಗುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ, ಇರಿನೋಟೆಕಾನ್ ಎಂಬ ಕೀಮೋ ಔಷಧಿಯ ಕೆಲಸ ಮಾಡುವ ಅಂಶವನ್ನು ರಕ್ತದಲ್ಲಿ 42% ಇಳಿಸಿತ್ತು ಎಂಬ ವರದಿ 2002ರಲ್ಲೇ ಬಂದಿತ್ತು. ಗ್ರೀನ್ ಟೀ ಸತ್ವ ಬೋರ್ಟೆಜೊಮಿಬ್ ಎಂಬ ಕ್ಯಾನ್ಸರ್ ಔಷಧಿಗೆ ಅಂಟಿಕೊಂಡು ಅದರ ಕೆಲಸ ಕೆಡಿಸುವುದು ಪ್ರಯೋಗಾಲಯದಲ್ಲಿ ಕಂಡಿದೆ. ನ್ಯೂಯಾರ್ಕಿನ ಮೆಮೊರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯವರು 1999ರಲ್ಲೇ ಇಂಟಿಗ್ರೇಟಿವ್ ವಿಭಾಗ, ಅಂದರೆ ಮುಖ್ಯ ಚಿಕಿತ್ಸೆಯ ಜೊತೆ ಪೂರಕ ಚಿಕಿತ್ಸೆಗಳನ್ನೂ ನೋಡಿಕೊಳ್ಳುವ ವಿಭಾಗ ತೆರೆದಿದ್ದರು. ಅವರ ಗಿಡಮೂಲಿಕೆ ಮಾಹಿತಿಕೋಶವನ್ನು ಎಷ್ಟು ರಾತ್ರಿ ಓದಿದ್ದೇನೋ!

ಸಹೋದ್ಯೋಗಿಗಳು ನನಗೆ "ನಾರುಬೇರಿನ ಡಾಕ್ಟ್ರು" ಎಂದು ಹೆಸರಿಟ್ಟರು. ಅವರು ದಿನಾ ಬರೆಯುವ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿ ಮೊದಲು ಸಿಕ್ಕಿದ್ದು ಯೂ ಮರದ ತೊಗಟೆಯಲ್ಲಿ. ಇರಲಿ.

ಬೇಡ ಎನ್ನುವುದು ಸುಲಭ. ಏನು ಬೇಕು ಎಂದು ಹೇಳುವುದು ಕಷ್ಟ. ಸೂಜಿ ಚುಚ್ಚುವ ಅಕ್ಯುಪಂಕ್ಚರ್ ಮೇಲೆ ನನಗೆ ನಂಬಿಕೆ ಇರಲಿಲ್ಲ. ಸ್ತನ ಕ್ಯಾನ್ಸರ್ ಮರುಕಳಿಸದಿರಲಿ ಎಂದು ವರ್ಷಗಟ್ಟಲೆ ನುಂಗುವ ಅರೋಮಟೇಸ್ ಇನ್‌ಹಿಬಿಟರ್ ಮಾತ್ರೆಯಿಂದ ಕೀಲುನೋವು ಬರುತ್ತದೆ. 2018ರಲ್ಲಿ 226 ಮಹಿಳೆಯರ ಮೇಲಿನ ಅಧ್ಯಯನ ಬಂತು. ನಿಜವಾದ ಅಕ್ಯುಪಂಕ್ಚರ್ ಪಡೆದವರ ನೋವು, ಹುಸಿ ಸೂಜಿ ಚುಚ್ಚಿಸಿಕೊಂಡವರಿಗಿಂತ ಹತ್ತಕ್ಕೆ ಸುಮಾರು ಒಂದು ಅಂಕ ಜಾಸ್ತಿ ಇಳಿದಿತ್ತು. ಒಂದೇ ಅಂಕ! ಮೊದಲು ನಕ್ಕೆ. ಆಮೇಲೆ ನೋವು ತಡೆಯಲಾಗದೆ ಮಾತ್ರೆಯನ್ನೇ ಬಿಟ್ಟ ನನ್ನ ರೋಗಿಗಳು ನೆನಪಾದರು. ಈಗ ಸೂಜಿಯಿಂದ ಸೋಂಕು, ರಕ್ತಸ್ರಾವ ಆಗದಿರಲಿ ಎಂದು ಬಿಳಿ ರಕ್ತಕಣ, ಪ್ಲೇಟ್‌ಲೆಟ್ ನೋಡಿ ನಾನೇ ಅಕ್ಯುಪಂಕ್ಚರ್‌ಗೆ ಕಳಿಸುತ್ತೇನೆ.

ನನ್ನ ದೊಡ್ಡ ತಪ್ಪು "ಚೆನ್ನಾಗಿ ರೆಸ್ಟ್ ಮಾಡಿ" ಎನ್ನುತ್ತಿದ್ದುದು. ಕೀಮೋ ಸುಸ್ತು ಮಲಗಿದಷ್ಟೂ ಹೆಚ್ಚುತ್ತದೆ. ಈಗ ನಡೆಯಿರಿ ಎನ್ನುತ್ತೇನೆ. ಮೊದಲು ಐದು ನಿಮಿಷ, ಆಮೇಲೆ ವಾರಕ್ಕೆ ಮೂರು ಸಲ ಅರ್ಧ ಗಂಟೆ. ಕರುಳಿನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಮುಗಿಸಿದ 889 ಜನರ ಅಧ್ಯಯನ 2025ರಲ್ಲಿ ಬಂತು. ತರಬೇತುದಾರರ ಜೊತೆ ಮೂರು ವರ್ಷದ ವ್ಯಾಯಾಮ ಕಾರ್ಯಕ್ರಮದಲ್ಲಿದ್ದವರಲ್ಲಿ ಎಂಟು ವರ್ಷದ ನಂತರ ಸುಮಾರು 90% ಜನ ಬದುಕಿದ್ದರು. ಬರೀ ಪುಸ್ತಿಕೆ ಪಡೆದವರಲ್ಲಿ 83%. ಯಾವ ಡಬ್ಬಿಯಲ್ಲೂ ಇಂಥದ್ದನ್ನು ನಾನು ಕಂಡಿಲ್ಲ.

ಒಂದು ಗೆರೆ ಮಾತ್ರ ನಾನು ದಾಟುವುದಿಲ್ಲ. ಜೊತೆಗೆ ಬೇರೆ, ಬದಲಿಗೆ ಬೇರೆ. ಗುಣವಾಗಬಲ್ಲ ಕ್ಯಾನ್ಸರ್‌ಗೆ ಬದಲಿ ಚಿಕಿತ್ಸೆಯನ್ನಷ್ಟೇ ನಂಬಿದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಎಂದು 2018ರ ಅಮೆರಿಕದ ಅಧ್ಯಯನವೊಂದು ಹೇಳಿತು. ಸ್ತನ ಕ್ಯಾನ್ಸರ್‌ನಲ್ಲಿ ಐದು ಪಟ್ಟಿಗೂ ಹೆಚ್ಚು. ಆಪರೇಷನ್ ಬೇಡ ಎಂದು ಎದ್ದುಹೋದ ಒಬ್ಬರಿಗೆ ನಾನು ಇದನ್ನೆಲ್ಲ ಬಿಡಿಸಿ ಹೇಳಿದ್ದೆ. "ಮನಸ್ಸು ಬದಲಾದರೆ ಬನ್ನಿ, ಬೈಯುವುದಿಲ್ಲ" ಎಂದೂ ಹೇಳಿದ್ದೆ. ಎಂಟು ತಿಂಗಳಿಗೆ ಬಂದರು. ನಾನು ಬೈಯಲಿಲ್ಲ. ಆದರೆ ಗಡ್ಡೆ ಕಾಯ್ದಿರಲಿಲ್ಲ.

ಕಳೆದ ವಾರ ಬಂದವರ ಚೀಲದಲ್ಲಿ ಒಂಬತ್ತು ಡಬ್ಬಿ. ಐದು ನಿಲ್ಲಿಸಿ ಎಂದೆ. ಎರಡು ಕೀಮೋ ಮುಗಿಯುವ ತನಕ ಬೇಡ. ವಿಟಮಿನ್ ಡಿ ಇರಲಿ. ಒಂಬತ್ತನೆಯದರ ಮೇಲೆ ಹೆಸರೇ ಇರಲಿಲ್ಲ, ಕಂದು ಬಣ್ಣದ ಪುಡಿ. ಯಾರು ಕೊಟ್ಟಿದ್ದು ಎಂದು ಕೇಳಿದೆ.

"ನಮ್ಮಕ್ಕ. ತಗೊಳ್ಳದಿದ್ರೆ ಬೇಜಾರು ಮಾಡ್ಕೋತಾಳೆ."

ಮುಂದಿನ ಸಲ ಅಕ್ಕನನ್ನೂ ಕರೆದುಕೊಂಡು ಬನ್ನಿ ಎಂದೆ.