ರಾಯಚೂರಿನಿಂದ ಮಂಗಳೂರಿಗೆ ಗಾರೆ ಕೆಲಸಕ್ಕೆ ಹೊರಟವರು ಸೆಕೆ ತಾಳುವ ಬಗೆ

ದೇವದುರ್ಗ, ಮಸ್ಕಿ, ಲಿಂಗಸುಗೂರು ಕಡೆಯ ಹುಡುಗರು ಬೇಸಿಗೆಯಲ್ಲಿ ನನ್ನ ತಂಡ ಸೇರಿದಾಗ ಕೇಳುವುದು ಒಂದೇ: “ಮೇಸ್ತ್ರಿ, ಇಲ್ಲಿ 42 ಡಿಗ್ರಿ ತಡೆದವರಿಗೆ ಅಲ್ಲಿನ 34 ಯಾವ ಲೆಕ್ಕ?”

ಈ ಲೆಕ್ಕವನ್ನು ಊರಲ್ಲೇ ಬಿಟ್ಟು ಬನ್ನಿ. ಬೆವರು ಸುರಿದರೆ ಸಾಲದು, ಆರಿದರೆ ಮಾತ್ರ ಮೈ ತಣ್ಣಗಾಗುತ್ತದೆ. ನಮ್ಮ ಒಣಗಾಳಿ ಬೆವರನ್ನು ಬೇಗ ಹೀರುತ್ತದೆ. ಕಡಲ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿಯಿರಿ. 42 ಡಿಗ್ರಿ ಬಿಸಿಲು, ಶೇ 20 ತೇವಾಂಶ ಇರುವಲ್ಲಿ ಅದು ಸುಮಾರು 24ಕ್ಕೆ ಇಳಿಯುತ್ತದೆ. 34 ಡಿಗ್ರಿ, ಶೇ 75 ತೇವಾಂಶ ಇರುವಲ್ಲಿ 30ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಬೆವರಿದ ಮೈಯ ಪಾಡೂ ಅದೇ.

ಆದ್ದರಿಂದ ನಮ್ಮ ಊರಿನ ಉಪಾಯಗಳೆಲ್ಲ ಅಲ್ಲಿ ನಡೆಯುವುದಿಲ್ಲ. ನೀರಿನ ಕೂಲರ್ ಕೋಣೆಯ ತೇವವನ್ನು ಇನ್ನಷ್ಟು ಹೆಚ್ಚಿಸುತ್ತದೆ; ಫ್ಯಾನ್ ಹಾಕಿ, ಕಿಟಕಿ ತೆರೆದಿಡಿ. ಮುಖಕ್ಕೆ ದಪ್ಪ ಟವೆಲ್ ಸುತ್ತುವುದು ನಮ್ಮ ಬಿಸಿಗಾಳಿಗೆ ಸರಿ. ಅಲ್ಲಿ ಅಗಲ ಅಂಚಿನ ಟೋಪಿ, ತೆಳುವಾದ ಸಡಿಲ ಹತ್ತಿ ಅಂಗಿ ಇರಲಿ.

ಮೊದಲ ವಾರವೇ ಹೆಚ್ಚು ಅಪಾಯದ್ದು. ಹೊಸಬರಿಗೆ ಮೊದಲ ದಿನ ಬಿಸಿಲಿನಲ್ಲಿ ಐದರಲ್ಲಿ ಒಂದು ಪಾಲಿನಷ್ಟೇ ಕೆಲಸ ಕೊಡಬೇಕು. ಆಮೇಲೆ ದಿನಕ್ಕೊಂದು ಪಾಲು ಹೆಚ್ಚಿಸುತ್ತ ಹೋಗಬೇಕು. ಮೈ ಪೂರ್ತಿ ಒಗ್ಗಲು ಒಂದೆರಡು ವಾರ ಹಿಡಿಯುತ್ತದೆ. ಉಳಿದ ಹೊತ್ತು ನಾನು ಒಳಗೋಡೆಯ ಪ್ಲಾಸ್ಟರ್ ಕೆಲಸಕ್ಕೆ ಹಚ್ಚುತ್ತೇನೆ. ಇದಕ್ಕಾಗಿ ಕೂಲಿ ಕಡಿತ ಮಾಡಬಾರದು ಎಂದು ಗುತ್ತಿಗೆದಾರರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಕೂಲಿ ಹೋಗುವ ಭಯವಿದ್ದರೆ ತಲೆ ಸುತ್ತುತ್ತಿದ್ದರೂ ಯಾರೂ ನೆರಳಿಗೆ ಬರುವುದಿಲ್ಲ. ಮನೆಗೆ ಹಣ ಕಳಿಸಬೇಕಾದ ಹುಡುಗರು ಅವರು. ಸ್ಲ್ಯಾಬ್ ಕಾಂಕ್ರೀಟನ್ನು ಬೆಳಗಿನ ಜಾವವೇ ಶುರು ಮಾಡಿ.

ಬಾಯಾರುವ ತನಕ ಕಾಯದೆ 20 ನಿಮಿಷಕ್ಕೊಂದು ಲೋಟ ನೀರು ಕುಡಿಯಿರಿ. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ನಡುನಡುವೆ ಮಜ್ಜಿಗೆ ಅಥವಾ ಓಆರ್‌ಎಸ್ ಇರಲಿ. ಪುಡಿ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ಅಲ್ಲಿ ರಾತ್ರಿಯೂ ತಣಿಯುವುದಿಲ್ಲ. ತಗಡಿನ ಶೆಡ್ಡಿನಲ್ಲಿ ಮಲಗಿಸುವುದಾದರೆ ಫ್ಯಾನ್ ಕೇಳಿ ಪಡೆಯಿರಿ.

ತಲೆಸುತ್ತು, ವಾಕರಿಕೆ, ಮೀನಖಂಡದ ಸೆಳೆತ ಕಂಡರೆ ಆಗಲೇ ಕೆಲಸ ನಿಲ್ಲಿಸಿ ನೆರಳಿನಲ್ಲಿ ಕೂರಿಸಿ. ಮಾತು ತೊದಲಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬಂದರೆ ಅದು ಶಾಖಾಘಾತ. ಬೆವರು ಬರುತ್ತಿದೆಯಲ್ಲ ಎಂದು ಸುಮ್ಮನಿರಬೇಡಿ. 108ಕ್ಕೆ ಕರೆ ಮಾಡಿಸಿ, ಆಂಬುಲೆನ್ಸ್ ಬರುವ ತನಕ ಕ್ಯೂರಿಂಗ್ ಪೈಪಿನಿಂದ (ಕಾಂಕ್ರೀಟಿಗೆ ನೀರುಣಿಸುವ ಪೈಪು) ಮೈಮೇಲೆಲ್ಲ ನೀರು ಬಿಡುತ್ತ ಗಾಳಿ ಹಾಕಿ. ಬಿಸಿಲಿಗೆ ಬಿದ್ದಿದ್ದ ಪೈಪಿನ ಮೊದಲ ನೀರು ಸುಡುತ್ತದೆ, ಅದನ್ನು ಹೊರಗೆ ಚೆಲ್ಲಿ. ಐಸ್ ಸಿಕ್ಕರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಬರೀ ತಲೆಸುತ್ತಿನಿಂದ ಚೇತರಿಸಿಕೊಂಡವರನ್ನೂ ಆ ದಿನ ಮತ್ತೆ ಕೆಲಸಕ್ಕೆ ಇಳಿಸಬೇಡಿ.